ವ್ಯಾಕ್ಸಿನ್ ಶಬ್ದದೊಳಗಿನ ಆಕಳು

ಮೂವತ್ತಕ್ಕೂ ಹೆಚ್ಚು ವರ್ಷದ ನೌಕರಿಯಲ್ಲಿ ನಾನು ಭಾಷಣ ಮಾಡಿದ್ದು ಒಂದೇ ಸಲ. ಅದರ ಪರಿಣಾಮವಾಗಿ ಒಂದು ಇಡೀ ಊರು ಲಸಿಕೆ ಒಲ್ಲೆ ಎಂದು ಕೂತುಬಿಟ್ಟಿತು. ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಸಿಸ್ಟರ್‌ಗಳು ಉಮರಗಾದ ಬಸ್ ನಿಲ್ದಾಣದಲ್ಲೋ ಯಾರದೋ ಮದುವೆಯಲ್ಲೋ ಸಿಕ್ಕಾಗ, "ಬಾಯಿ, ನಿಮ್ಮ ಅನುಭವ ಜರಾ ಹೇಳ್ರಿ" ಎನ್ನುತ್ತಾರೆ. ನನಗೆ ಸಿಕ್ಕ ಶಾಲು, ಹಾರ, ಪ್ರಮಾಣಪತ್ರಗಳಲ್ಲಿ ಅವರು ಕಲಿಯುವಂಥದ್ದು ಏನೂ ಇಲ್ಲ. ಆ ಭಾಷಣದಲ್ಲಿ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪಾರ್ವತಿ. ಹುಟ್ಟಿದ್ದು ಮರಾಠಿ ಸೀಮೆಯ ಗಡಿಯಲ್ಲಿ, ಉದಗೀರದ ಕಡೆಯ ಜಂಗಮರ ಮನೆಯಲ್ಲಿ. ತಂದೆ ಭಕ್ತರ ಮನೆಗಳಿಗೆ ಹೋಗಿ ಪೂಜೆ ಮಾಡಿಸುತ್ತಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಗೆ ಹೋದರೆ ಎರಡೂ ಕಲೆತು ಮೇಲಿಷ್ಟು ಉರ್ದು. ನರ್ಸ್ ತರಬೇತಿ ಮುಗಿಸಿ ಮೊದಲು ನಿಲಂಗಾ ಕಡೆ ಒಂದಿಷ್ಟು ವರ್ಷ ಇದ್ದೆ. ಮುರುಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಈಶ್ವರಯ್ಯ ಮಾಸ್ತರರ ಜೊತೆ ಮದುವೆಯಾದ ಮೇಲೆ ಉಮರಗಾ ತಾಲೂಕಿಗೆ ಬದಲಿ ಮಾಡಿಸಿಕೊಂಡೆ. ಕೆಲಸವೆಲ್ಲ ಹಳ್ಳಿಯ ಉಪಕೇಂದ್ರಗಳಲ್ಲಿ. ಉಪಕೇಂದ್ರವೆಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಒಂದು ಕೋಣೆ, ಒಂದು ಮೇಜು, ಒಂದು ಕಬ್ಬಿಣದ ಕಪಾಟು, ಮತ್ತು ನಾನು.

ಮೊದಲ ವಾರ ನನಗೆ ಕೆಲಸ ಕಲಿಸಿದವರು ಕಮಲಾಬಾಯಿ. ಹತ್ತಾರು ಹಳ್ಳಿಯ ಸಿಸ್ಟರ್‌ಗಳ ಮೇಲ್ವಿಚಾರಕಿ. ಮಾತು ಮರಾಠಿ, ದನಿ ಪೊಲೀಸರದು, ಕೈ ಮಾತ್ರ ಹೂವಿನಷ್ಟು ಹಗುರ. ಅವರು ಚುಚ್ಚಿದರೆ ಮಗುವಿಗೆ ಅಳಬೇಕೆಂದು ನೆನಪಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ನಾನು ಸಿರಿಂಜು ಹಿಡಿದು ಮುನ್ನುಗ್ಗಿದಾಗ ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಆಧೀ ಪೋರಾಚಂ ನಾವ ವಿಚಾರ. ಮಗ ಸುಈ."

ಮೊದಲು ಮಗುವಿನ ಹೆಸರು ಕೇಳು, ಆಮೇಲೆ ಸೂಜಿ ಎಂದು ಅರ್ಥ. ಹೆಸರನ್ನು ವಹಿಯಲ್ಲಿ ಬರೆಯಲು ಕೇಳಬೇಕು ಎಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಆಗ ಗಾಜಿನ ಸಿರಿಂಜು. ಬೆಳಿಗ್ಗೆ ಎದ್ದು ಸ್ಟವ್ ಹಚ್ಚಿ ಸಿರಿಂಜು, ಸೂಜಿ ಕುದಿಸುವುದೇ ಮೊದಲ ಕೆಲಸ. ಚಹಾಕ್ಕೆ ಬೇರೆ ಸ್ಟವ್ ಇರುತ್ತಿರಲಿಲ್ಲವಾದ್ದರಿಂದ ಸೂಜಿಯಾದ ಮೇಲೆ ಚಹಾ. ಹೆಗಲಿಗೆ ಮಂಜುಗಡ್ಡೆಯ ಡಬ್ಬಿ ತೂಗುಹಾಕಿಕೊಂಡು ಬಸ್ಸು ಇಳಿದು ನಡೆಯಬೇಕು. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗುವ ಮುಂಚೆ ಊರು ಮುಟ್ಟಬೇಕೆಂದು ನಾನು ನಡೆದ ನಡಿಗೆಯನ್ನು ಕಂಡವರು, ಈ ಹೆಣ್ಣುಮಗಳು ಯಾರ ಮೇಲೋ ಜಗಳಕ್ಕೆ ಹೊರಟಿದ್ದಾಳೆ ಎಂದುಕೊಳ್ಳುತ್ತಿದ್ದರಂತೆ. ಈಗಿನವರಿಗೆ ಒಂದು ಸಲ ಬಳಸಿ ಬಿಸಾಡುವ ಸಿರಿಂಜು ಇದೆ, ಬರೆಯಲು ಮೊಬೈಲು ಇದೆ. ಡಬ್ಬಿಯ ಭಾರ ಮಾತ್ರ ಹಾಗೇ ಇದೆ.

ನಮ್ಮ ಕಷ್ಟ ಇನ್ನೊಂದಿತ್ತು. ಅದಕ್ಕೆ ಏನು ಹೆಸರು ಹೇಳುವುದು? ಮೇಲಿನಿಂದ ಬರುವ ಭಿತ್ತಿಪತ್ರವೆಲ್ಲ ಮರಾಠಿ. ಅದರಲ್ಲಿ 'ಲಸ' ಎಂದಿರುತ್ತಿತ್ತು. ಲಸಿಕೆ ಎಂಬ ಕನ್ನಡ ಶಬ್ದವನ್ನು ನಾನು ನೋಡುತ್ತಿದ್ದದ್ದು ಗಡಿಯಾಚೆಯಿಂದ ಬರುವ ಪತ್ರಿಕೆಯಲ್ಲಿ ಮಾತ್ರ. ಊರಲ್ಲಿ ಹಾಗಂದರೆ ಯಾರಿಗೂ ತಿಳಿಯದು. ಮುರುಮದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಬಾಗಿಲಲ್ಲಿ ನಿಂತು, "ಯಜ್ಜಾ, ಮೊಮ್ಮಗನಿಗೆ ಲಸ ತಂದೀನಿ" ಎಂದೆ. ಆ ಅಜ್ಜ ಒಳಗೆ ಹೋಗಿ ದೊಡ್ಡದೊಂದು ತಂಬಿಗೆ ತಂದು ಮುಂದಿಟ್ಟ.

"ಹಾಕ್ ಯವ್ವಾ. ಯಾರ ಗಾಣದ್ದು?"

ಕಬ್ಬಿನ ಸುಗ್ಗಿಯ ಕಾಲ. ಅವನಿಗೆ 'ರಸ' ಎಂದು ಕೇಳಿಸಿತ್ತು. ಮೊಮ್ಮಗನ ತೊಡೆಗೆ ಸೂಜಿ ಚುಚ್ಚಿ ಬರುವಾಗ ಅಜ್ಜನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅಂದಿನಿಂದ ನಾನು 'ಸೂಜಿ' ಎಂದೇ ಹೇಳತೊಡಗಿದೆ. ಪೋಲಿಯೋ ಹನಿಗೆ ಎಲ್ಲರೂ 'ಡೋಸ' ಎಂದರು. ದೇವಿ ಬೇನೆ, ಅಂದರೆ ಸಿಡುಬು, ಇದ್ದ ಹಿಂದಿನ ಕಾಲದವರು 'ದೇವೀ ಹಾಕೋದು' ಎನ್ನುತ್ತಿದ್ದರು. ವ್ಯಾಕ್ಸಿನ್ ಎಂಬ ಇಂಗ್ಲಿಷ್ ಶಬ್ದ ನಮ್ಮ ವಹಿಗಳಲ್ಲಿ, ಡಬ್ಬಿಯ ಮೇಲೆ ಇತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ. ಕೊರೋನಾ ಬಂದ ಮೇಲೆ ನೋಡಿ, ಟಿವಿ ಅದನ್ನು ಎಲ್ಲರ ಬಾಯಿಗೆ ಹಾಕಿತು. ಶೇಂಗಾ ಸುಲಿಯುವ ಮುದುಕಿಯರೂ "ವ್ಯಾಕ್ಸಿನ್ ಬಂತಂತ" ಎನ್ನತೊಡಗಿದರು.

ಆ ಶಬ್ದದ ಹುಟ್ಟು ನನಗೆ ಗೊತ್ತಾದದ್ದು ಊಟದ ತಟ್ಟೆಯ ಮುಂದೆ. ನಮ್ಮ ಮಾಸ್ತರರಿಗೆ ಶಬ್ದಗಳ ಹುಚ್ಚು. ಬೆನ್ನು ಕಿತ್ತುಹೋದ, ಸುತಳಿಯಿಂದ ಕಟ್ಟಿದ ದಪ್ಪ ಇಂಗ್ಲಿಷ್ ನಿಘಂಟು ಒಂದು ಅವರ ಹತ್ತಿರ ಇದೆ. ಒಂದು ಶಬ್ದ ಎಲ್ಲಿಂದ ಬಂತು, ಯಾವ ಊರು ಸುತ್ತಿತು, ದಾರಿಯಲ್ಲಿ ಅರ್ಥ ಹೇಗೆ ಬದಲಾಯಿಸಿತು ಎಂದು ಹುಡುಕುವುದೆಂದರೆ ಅವರಿಗೆ ಊಟ ಬೇಡ. ನಾನು ಕೆಲಸದಿಂದ ಬಂದು ಡಬ್ಬಿ ಇಳಿಸಿದ ಒಂದು ದಿನ ಅದರ ಮೇಲಿನ ಅಕ್ಷರ ಓದಿ, "ಇದರಾಗ ಆಕಳ ಅದ, ಗೊತ್ತದೇನು ನಿನಗ?" ಎಂದರು.

"ಡಬ್ಬಿಯಾಗಾ?"

"ಹೆಸರಿನಾಗ. ಲ್ಯಾಟಿನ್ ಭಾಷೆಯೊಳಗ ವಾಕಾ ಅಂದ್ರ ಆಕಳ. ಅದರಿಂದ ವ್ಯಾಕ್ಸಿನ್."

ರೊಟ್ಟಿ ತಣ್ಣಗಾಗುವವರೆಗೂ ಕಥೆ ಹೇಳಿದರು. ಇಂಗ್ಲೆಂಡಿನಲ್ಲಿ ಎರಡು ನೂರು ವರ್ಷಕ್ಕೂ ಹಿಂದೆ ಒಬ್ಬ ಹಳ್ಳಿಯ ವೈದ್ಯ ಇದ್ದ. ಆಗ ಸಿಡುಬು ಬಂದರೆ ಮನೆಗೆ ಮನೆಯೇ ಖಾಲಿಯಾಗುತ್ತಿತ್ತು. ಆದರೆ ಹಾಲು ಹಿಂಡುವ ಹೆಣ್ಣುಮಕ್ಕಳಿಗೆ ಸಿಡುಬು ಬರುವುದಿಲ್ಲ ಎಂದು ಹಳ್ಳಿಯವರು ಮಾತಾಡಿಕೊಳ್ಳುತ್ತಿದ್ದರು. ಆಕಳ ಕೆಚ್ಚಲಿಗೆ ಸಣ್ಣ ಗುಳ್ಳೆ ಏಳುವ ಒಂದು ಬೇನೆ ಇದೆ. ಹಿಂಡುವವರ ಕೈಗೂ ಅದು ಹತ್ತುತ್ತದೆ, ನಾಲ್ಕು ದಿನ ಕಾಡಿ ಹೋಗುತ್ತದೆ. ಆ ಬೇನೆ ಬಂದುಹೋದವರನ್ನು ಸಿಡುಬು ಮುಟ್ಟುತ್ತಿರಲಿಲ್ಲ. ಆ ವೈದ್ಯ ಅಂಥ ಒಬ್ಬಳ ಕೈಯ ಗುಳ್ಳೆಯಿಂದ ಒಂದು ಹನಿ ತೆಗೆದು ಒಂದು ಮಗುವಿನ ತೋಳಿಗೆ ಗೀರಿ ಹಚ್ಚಿದ. ಮಗುವಿಗೆ ಸಿಡುಬು ಹತ್ತಲಿಲ್ಲ. ಆಕಳ ಬೇನೆಯಿಂದ ಬಂದ ಮದ್ದು ಎಂದು ವಾಕಾದಿಂದ ಹೆಸರಾಯಿತು. ಎಷ್ಟೋ ವರ್ಷದ ಮೇಲೆ ಫ್ರಾನ್ಸಿನ ಒಬ್ಬ ವಿಜ್ಞಾನಿ ಬೇರೆ ಬೇರೆ ರೋಗಕ್ಕೂ ಇಂಥದ್ದೇ ಮದ್ದು ಕಂಡುಹಿಡಿದಾಗ, ಆ ಹಳ್ಳಿಯ ವೈದ್ಯನ ಗೌರವಕ್ಕೆ ಎಲ್ಲದಕ್ಕೂ ಅದೇ ಹೆಸರು ಇರಲಿ ಎಂದನಂತೆ. ಹೀಗೆ ಆಕಳು ಔಷಧದಿಂದ ಹೊರಗೆ ಹೋದರೂ ಹೆಸರಿನಲ್ಲಿ ಉಳಿಯಿತು.

ನನಗೆ ಕಥೆ ಬಹಳ ಸೇರಿತು. ಯಾವಾಗಲಾದರೂ ಯಾರಿಗಾದರೂ ಹೇಳಬೇಕು ಎಂದು ಗಂಟು ಕಟ್ಟಿ ಇಟ್ಟುಕೊಂಡೆ.

ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಾಗ ಕೊರೋನಾ ಬಂತು. ನನ್ನ ಜೊತೆ ತರಬೇತಿ ಮುಗಿಸಿದ ಸುಮನ್ ಉದಗೀರದಲ್ಲಿ ಕೆಲಸಕ್ಕಿದ್ದಳು. ಫೋನಿನಲ್ಲಿ ಅವಳ ನಗು ಕೇಳಿದರೆ ಪಕ್ಕದ ಮನೆಯವರೂ ಹೊರಗೆ ಬಂದು ನೋಡಬೇಕು, ಅಂಥವಳು. ಲಸಿಕೆ ಬರುವ ಮೊದಲೇ, ಆ ಮೊದಲ ವರ್ಷವೇ, ಅವಳು ತೀರಿಕೊಂಡಳು. ಮುಖ ನೋಡಲು ನನ್ನನ್ನು ಬಿಡಲಿಲ್ಲ. ಮರುವರ್ಷ ಲಸಿಕೆ ಬಂದು ಮೊದಲಿಗೆ ನಮ್ಮಂಥವರಿಗೇ ಹಾಕಿದಾಗ ತೋಳು ಒತ್ತಿಕೊಂಡು ಕೂತು ಅವಳನ್ನು ನೆನೆದೆ. ನನ್ನ ಪಾಲಿನ ಊರುಗಳಲ್ಲಿ ವಯಸ್ಸಾದ ಒಬ್ಬರೂ ಬಿಟ್ಟುಹೋಗಬಾರದು ಎಂದು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಮುಂದೆ ನಾನು ಅವಸರಪಟ್ಟದ್ದಕ್ಕೆ ಅದೂ ಒಂದು ಕಾರಣ.

ಅರವತ್ತು ದಾಟಿದವರ ಸರದಿ ಬಂತು. ಯೆಣೆಗೂರಿನಿಂದ ಒಳಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರಿನ ಮಠದ ಅಂಗಳದಲ್ಲಿ ಶಿಬಿರ. ಊರ ಹೆಸರು ಬೇಡ, ಅವರು ನನ್ನನ್ನು ಈಗಲೂ ಮದುವೆಗೆ ಕರೆಯುತ್ತಾರೆ. ಊರು ನಡೆಯುವುದು ಮಠದ ಮುರುಗಯ್ಯನವರ ಮಾತಿನಂತೆ. ಎಪ್ಪತ್ತೈದರ ಆಸುಪಾಸು, ಹಣೆತುಂಬ ವಿಭೂತಿ, ಸಕ್ಕರೆ ಕಾಯಿಲೆ, ಗಟ್ಟಿ ಕಂಠ. ಊರವರಿಗೆ ಅವರು 'ಅಪ್ಪಾರು'. ಅವರು ತೋಳು ಕೊಟ್ಟರೆ ಊರೆಲ್ಲ ಕೊಡುತ್ತದೆ.

ಜನ ಚೆನ್ನಾಗಿ ಸೇರಿತ್ತು. ಹೊಲ ಇದ್ದ ಗೌಡರು, ಹೆಣ್ಣುಮಕ್ಕಳು, ಗಾಣದ ಮನೆಯವರು ಎಲ್ಲ ಬಂದು ಕೂತಿದ್ದರು. ಅಪ್ಪಾರು, "ಪಾರ್ವತಿ, ನೀ ನಮ್ಮ ಜಂಗಮರ ಮಗಳು. ನಾಕ ಮಾತ ಹೇಳವ್ವಾ, ಮಂದಿಗಿ ಧೈರ್ಯ ಬರ್ಲಿ" ಎಂದರು. ಯಾರೋ ಮೈಕು ಬೇರೆ ಕೊಟ್ಟರು. ಮೈಕು ಕೈಗೆ ಬಂದರೆ ಮನುಷ್ಯರಿಗೆ ಏನಾಗುತ್ತದೋ ನನಗೂ ಅದೇ ಆಯಿತು. ಕಟ್ಟಿಟ್ಟ ಗಂಟು ಬಿಚ್ಚಿದೆ.

"ನೀವೆಲ್ಲಾ ವ್ಯಾಕ್ಸಿನ್ ವ್ಯಾಕ್ಸಿನ್ ಅಂತೀರಿ. ಈ ಶಬ್ದ ಎಲ್ಲಿಂದ ಬಂತು ಗೊತ್ತದೇನ್ರಿ? ವಾಕಾ ಅಂದ್ರ ಆಕಳ. ನಾವು ಪೂಜಿ ಮಾಡೋ ಆಕಳದಿಂದ ಬಂದದ್ದಿದು. ಅಂಜಬ್ಯಾಡ್ರಿ!"

ಚಪ್ಪಾಳೆ ಬರುತ್ತದೆ ಎಂದು ಕಾದೆ. ಅಪ್ಪಾರು ಕೂತಲ್ಲೇ ಮುಂದಕ್ಕೆ ಬಾಗಿದರು.

"ಸಿಸ್ಟರಬಾಯಿ, ಒಂದ್ ಮಾತ. ಈ ಔಷಧದಾಗ ಆಕಳದ್ದು ಏನರ ಅದೇನು?"

ಪಾರ್ವತಿ ಹೋಗಿ ಸಿಸ್ಟರಬಾಯಿ ಆದಾಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

"ಇಲ್ರಿ ಅಪ್ಪಾರ, ಈಗ ಏನೂ ಇಲ್ಲ. ಮೊದಲ ಮೊದಲ ಅಷ್ಟ, ಆಕಳ ಕೆಚ್ಚಲಿನ ಗುಳ್ಳಿ ಒಡದು, ಅದರ ಕೀವು ತಗೊಂಡು..."

ಕೀವು ಎಂಬ ಶಬ್ದ ಮೈಕಿನಲ್ಲಿ ಹೋಗಿ ಮಠದ ಗೋಡೆಗೆ ಬಡಿದು ತಿರುಗಿ ಬಂತು. ಮುಂದಿನ ಸಾಲಿನ ಒಬ್ಬ ಮುತ್ತಜ್ಜಿ "ಶಿವಶಿವಾ" ಎಂದು ಸೆರಗು ಬಾಯಿಗೆ ಹಿಡಿದಳು. ಇಬ್ಬರು ಎದ್ದರು. ಆಮೇಲೆ ನಾಲ್ವರು. ಅಪ್ಪಾರು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಉಳಿದದ್ದು ನಾನು, ನನ್ನ ಡಬ್ಬಿ, ಮೈಕಿನವನು. ಸೀಸೆ ಒಡೆದಿರಲಿಲ್ಲ ಎಂಬುದೊಂದೇ ಸಮಾಧಾನ.

ಮರುದಿನ ಯೆಣೆಗೂರಿನಲ್ಲಿ ಬಸ್ಸು ಹತ್ತಿದೆ. ಪರಿಚಯದ ಕಂಡಕ್ಟರ್ ಟಿಕೆಟ್ ಹರಿಯುತ್ತ ತಾನೇ ಮಾತು ತೆಗೆದ.

"ಕೇಳೀರೇನ್ರಿ ಬಾಯಿ? ಯಾವಾಕಿಯೋ ನರ್ಸಬಾಯಿ ಹೇಳ್ಯಾಳಂತ, ಈ ಸೂಜಿಯಾಗ ಆಕಳ ಚರಬಿ ಅದ ಅಂತ. ಅಂಥಾ ಹುಚ್ಚಿಗಿ ಯಾರು ನೌಕರಿ ಕೊಟ್ಟಾರೋ!"

ಒಂದು ದಿನದಲ್ಲಿ ಕೀವು ಚರಬಿಯಾಗಿತ್ತು. ನಾನು ಕಿಟಕಿಯ ಹೊರಗೆ ತೊಗರಿ ಕೊಯ್ದ ಹೊಲ ನೋಡುತ್ತ ಕೂತೆ.

ಆಮೇಲೆ ಡಾಕ್ಟರರ ಫೋನು. ನಮ್ಮ ದವಾಖಾನೆಗೆ ಆಗಷ್ಟೇ ಬಂದಿದ್ದ ಮರಾಠಿ ತರುಣ, ಸಿಟ್ಟು ಬಂದರೂ ಗೌರವ ಬಿಡದವರು.

"ಸಿಸ್ಟರ್, ಭಾಷಣ ಕರಾಯಲಾ ಕೋಣೀ ಸಾಂಗಿತಲಂ?"

ಭಾಷಣ ಮಾಡು ಎಂದು ನನಗೆ ಹೇಳಿದವರು ಯಾರು ಎಂದು ಕೇಳುತ್ತಿದ್ದರು. "ಮೈಕ್ ಕೊಟ್ಟರು ಸರ್" ಎಂದೆ. ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಅವರು ನಗು ತಡೆಯುತ್ತಿದ್ದರು ಎಂದು ಮುಂದೊಮ್ಮೆ ಅವರೇ ಹೇಳಿದರು. ಆ ಊರು ಕೈಬಿಟ್ಟುಹೋದದ್ದು ನಿಮ್ಮಿಂದ, ತಿರುಗಿ ತರುವುದೂ ನಿಮ್ಮ ಕೆಲಸ ಎಂದು ಫೋನಿಟ್ಟರು.

ಮೂರು ದಿನ ಹೋದೆ. ಮೂರು ದಿನವೂ ಡಬ್ಬಿ ಹೇಗೆ ಹೋಯಿತೋ ಹಾಗೇ ಬಂತು. ಹೆಣ್ಣುಮಕ್ಕಳು ನೀರು ಕೊಟ್ಟರು, ಚಹಾ ಕೊಟ್ಟರು, ತೋಳು ಮಾತ್ರ ಕೊಡಲಿಲ್ಲ. "ಅಪ್ಪಾರು ಹಾಕಿಸ್ಕೊಂಡ್ರ ನಾವೂ ಹಾಕಿಸ್ಕೋತೀವ್ರಿ" ಎಂಬ ಒಂದೇ ಮಾತು. ಅಷ್ಟರಲ್ಲಿ ರೋಗದ ಎರಡನೆಯ ಅಲೆ ಏರುತ್ತಿತ್ತು. ಪಕ್ಕದ ಊರುಗಳಿಂದ ಕೆಮ್ಮು, ಜ್ವರದ ಸುದ್ದಿ. ಈ ಊರಲ್ಲಿ ಯಾರಿಗಾದರೂ ಏನಾದರೂ ಆದರೆ ಅದು ನನ್ನ ಬಾಯಿಂದ ಆದದ್ದು.

ಮನೆಗೆ ಬಂದು ಮಾಸ್ತರರ ಮುಂದೆ ಸಿಟ್ಟು ಕಾರಿದೆ.

"ನಿಮ್ಮ ಆಕಳ ಬಂದು ನನ್ನ ಕೆಲಸ ಮೇಯ್ದು ಹೋತು. ನಾಳಿ ನೀವೇ ಬಂದು ಕಟ್ರಿ."

"ನಾ ಮನಿಯಾಗ ಹೇಳಿದ್ದೆ. ಊರಿಗಿ ಹೇಳಿದಾಕಿ ನೀ" ಎಂದರು ಅವರು. ಆದರೂ ಬೆಳಿಗ್ಗೆ ನಾನು ಎದ್ದಾಗ ಗಾಡಿ ಒರೆಸಿ, ನಿಘಂಟನ್ನು ಹೊಸ ಸುತಳಿಯಿಂದ ಬಿಗಿದು, ಇಸ್ತ್ರಿ ಅಂಗಿ ತೊಟ್ಟು ಕಾಯುತ್ತಿದ್ದರು.

ಮಠದ ಕಟ್ಟೆಯ ಮೇಲೆ ಅಪ್ಪಾರು ಕೂತಿದ್ದರು. ನಾನು ಕಾಲುಮುಟ್ಟಿ ನಮಸ್ಕಾರ ಮಾಡಿ ನೇರವಾಗಿ ಹೇಳಿದೆ: "ಅಪ್ಪಾರ, ನಾ ತಪ್ಪ ಮಾಡೀನಿ. ಬ್ಯಾಡಾದ ಹೊತ್ತಿನಾಗ ಬ್ಯಾಡಾದ ಕಥಿ ಹೇಳೀನಿ. ಈ ಸೀಸೆದಾಗ ಆಕಳದ್ದು ಏನೂ ಇಲ್ಲ." ಡಬ್ಬಿಯಲ್ಲಿದ್ದ ಲಸಿಕೆಯ ಜೊತೆ ಬಂದ ಕಾಗದ ತೆಗೆದು, ಅದರಲ್ಲಿ ಬರೆದದ್ದನ್ನೆಲ್ಲ ಒಂದೊಂದಾಗಿ ಓದಿದೆ. ನೀರು, ಉಪ್ಪು, ಸಕ್ಕರೆ, ನಾಲಿಗೆ ಹೊರಳದ ಇನ್ನೂ ಕೆಲವು ಹೆಸರು. ಅಪ್ಪಾರು ಕಣ್ಣು ಮುಚ್ಚಿ ಕೇಳಿದರು.

ಈಗ ಮಾಸ್ತರರ ಸರದಿ. ಸುತಳಿ ಬಿಚ್ಚಿ, ಪುಟ ತೆರೆದು, ಹತ್ತನೆಯ ತರಗತಿಗೆ ಪಾಠ ಹೇಳುವಂತೆ ಶುರು ಮಾಡಿದರು. ಲ್ಯಾಟಿನ್ ಎಂದರೇನು, ಅದು ಯಾರ ಭಾಷೆ, ಇಂಗ್ಲಿಷಿಗೆ ಹೇಗೆ ಬಂತು. ಸುತ್ತ ಜನ ಸೇರಿದರು. ಸೇರಿದ ಜನರಲ್ಲಿ ಒಬ್ಬ ಆಕಳಿಸಿದ.

ಆಗ ಗಾಣದ ಮನೆಯ ಭಾಗಮ್ಮ ಬಂದಳು. ಎಪ್ಪತ್ತರ ಹೆಂಗಸು, ಮಠದ ದೀಪಕ್ಕೆ ಎಣ್ಣೆ ಕೊಡುವ ವಾಡಿಕೆ ಅವರ ಮನೆಯದು. ಎಣ್ಣೆಯ ಚರಿಗೆ ಹಿಡಿದು ನಿಂತೇ ಕೇಳಿದಳು. ಕೇಳಿ, "ಮಾಸ್ತರ, ಜರಾ ನಿಂದರ್ರಿ" ಎಂದಳು. "ಹೆಸರಿನಾಗ ಆಕಳ ಅದ. ಸೀಸೆದಾಗ ಆಕಳ ಇಲ್ಲ. ಹಂಗೇನ್ರಿ?"

"ಹಂಗ ಭಾಗಮ್ಮ. ಅದನ್ನ ಹೇಳ್ಲಾಕತ್ತೀನಿ."

"ಹಂಗಂದ್ರ ಇದು ಎಣ್ಣಿ ಇದ್ದಂಗ ಆತಲ್ರಿ."

"ಎಣ್ಣಿ ಹೆಂಗ?"

ಭಾಗಮ್ಮ ಚರಿಗೆಯನ್ನು ಕಟ್ಟೆಯ ಮೇಲಿಟ್ಟಳು. "ನಮ್ಮ ಮಾವ ಹೇಳ್ತಿದ್ದ. ಎಳ್ಳಿನ ನೇಯಿ, ಅಂದ್ರ ಎಳ್ಳಿನ ಜಿಡ್ಡು, ಅದಕ್ಕ ಎಣ್ಣಿ ಅಂತ ಹೆಸರ. ಎಳ್ಳಿಂದ ಬಂದದ್ದಷ್ಟ ಎಣ್ಣಿ. ಆಮ್ಯಾಲ ಕುಸುಬಿದೂ ಎಣ್ಣಿ ಆತು, ಶೇಂಗಾದೂ ಎಣ್ಣಿ ಆತು. ಕಂದೀಲಿಗಿ ಹಾಕೋ ರಾಕೇಲಕ್ಕೂ ಚಿಮಣಿ ಎಣ್ಣಿ ಅಂದ್ರಿ. ಈ ಚರಿಗ್ಯಾಗ ಇರೋದು ಕುಸುಬಿ. ಇದರಾಗ ಎಳ್ಳ ಎಲ್ಲದ, ತೋರಸ್ರಿ ನನಗ?"

ನಮ್ಮ ಮಾಸ್ತರರ ಬಾಯಿ ತೆರೆದದ್ದು ಹಾಗೇ ಇತ್ತು. ಇಂಗ್ಲಿಷ್ ಶಬ್ದಗಳ ಬೇರು ಹುಡುಕುತ್ತ ನಲವತ್ತು ವರ್ಷ ಕಳೆದವರಿಗೆ ದಿನಾ ರೊಟ್ಟಿಗೆ ಹಚ್ಚಿಕೊಳ್ಳುವ ಎಣ್ಣೆಯ ಬೇರು ಗೊತ್ತಿರಲಿಲ್ಲ. ಜೇಬಿನಿಂದ ಪೆನ್ಸಿಲು ತೆಗೆದು, "ಇನ್ನೊಮ್ಮೆ ಹೇಳ್ರಿ ಭಾಗಮ್ಮ, ಎಳ್ಳು, ಮುಂದ?" ಎಂದು ನಿಘಂಟಿನ ಅಂಚಿನಲ್ಲಿ ಬರೆದುಕೊಂಡರು. ಅಷ್ಟೂ ಜನ ನಕ್ಕರು. ನಾಲ್ಕು ದಿನದಲ್ಲಿ ಆ ಊರಿನಲ್ಲಿ ನಾನು ಕೇಳಿದ ಮೊದಲ ನಗು.

"ಹಾಕ್ರಿ ನನಗ ಮೊದಲ" ಎಂದು ಭಾಗಮ್ಮ ಕುಪ್ಪಸದ ತೋಳು ಮೇಲೆ ಸರಿಸಿದಳು.

ಒಂದು ಸೀಸೆಯಲ್ಲಿ ಹತ್ತು ಜನರ ಲಸಿಕೆ. ಒಡೆದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಮುಗಿಸಬೇಕು. ಅದನ್ನು ಹೇಳಿದೆ.

"ಹತ್ತ ಮಂದಿನಾ? ನಮ್ಮ ಓಣ್ಯಾಗ ಅರವತ್ತ ದಾಟಿದೋರು ಹತ್ತ ಮಂದಿ ಸಿಗಲಿಲ್ಲಂದ್ರ ಹೆಂಗ? ನಿಂದರು, ಕರಕೊಂಡ ಬರ್ತೀನಿ" ಎಂದು ಹೊರಟಳು. ಅವಳ ಹಿಂದೆ ಜನ. ಜನರ ಹಿಂದೆ, ಇನ್ನೂ ಏನೇನೋ ಕೇಳುವ ಆಸೆಯಿಂದ ನಮ್ಮ ಮಾಸ್ತರರು.

ಕಟ್ಟೆಯ ಮೇಲೆ ಅಪ್ಪಾರು, ನಾನು ಇಬ್ಬರೇ ಉಳಿದೆವು. ಎಲ್ಲರೂ ತಿರುವಿನಲ್ಲಿ ಮರೆಯಾಗುವವರೆಗೆ ಅಪ್ಪಾರು ನೋಡಿದರು. ಆಮೇಲೆ ದನಿ ಇಳಿಸಿ ಕೇಳಿದರು.

"ಪಾರ್ವತಿ, ಆ ಸೂಜಿ ಎಷ್ಟ ಉದ್ದ ಅದವ್ವಾ?"

ನಾನು ತಿರುಗಿ ನೋಡಿದೆ. ಮೊಣಕಾಲ ಮೇಲೆ ಇಟ್ಟಿದ್ದ ಅವರ ಬೆರಳುಗಳು ನಡುಗುತ್ತಿದ್ದವು.

"ಆಕಳದ್ದು ಸುಳ್ಳ ಅಂತ ನನಗ ಅವತ್ತೇ ಗೊತ್ತಿತ್ತು" ಎಂದರು. "ಕಾಗದ ಓದೋದು ಬ್ಯಾಡಾಗಿತ್ತು. ನನಗ ಸೂಜಿ ಅಂದ್ರ ಅಂಜಿಕಿ ತಂಗಿ. ಸಣ್ಣಾಂವ ಇದ್ದಾಗ ದೇವೀ ಹಾಕೋರು ಬಂದಿದ್ರು. ಇಬ್ಬರು ಗಂಡಸರು ನನ್ನ ನೆಲಕ್ಕ ಒತ್ತಿ ಹಿಡದ್ರು, ಒಬ್ಬಾಂವ ತೋಳಿನ ಮ್ಯಾಲ ಹಲ್ಲಿನ ಗಿರಕಿ ಇಟ್ಟು ತಿರುವಿದ. ತಿಂಗಳಾನುಗಟ್ಲೆ ತೋಳು ಬಾತಿತ್ತು. ನೋಡು." ಶಲ್ಯ ಸರಿಸಿ ತೋರಿಸಿದರು. ಮುದುಡಿದ ತೋಳಿನ ಮೇಲೆ ಎರಡು ದುಂಡನೆಯ ಹಳೆಯ ಕಲೆ. "ಸಕ್ರಿ ಬ್ಯಾನಿಗೂ ಗುಳಿಗಿ ಅಷ್ಟ ತಗೋತೀನಿ. ಇಂಜಕ್ಷನ್ ಅಂದ್ರ ಡಾಕ್ಟರನ ಬದಲಿ ಮಾಡ್ತೀನಿ. ಊರಿಗೆಲ್ಲಾ ಧೈರ್ಯ ಹೇಳಾಂವ ನಾ. ಅಂಜಿಕಿ ಬರ್ತದ ಅಂತ ಹೆಂಗ ಹೇಳ್ಲಿ? ನೀ ಆಕಳ ಅಂದಿ. ಅದನ್ನ ಹಿಡಕೊಂಡು ಒಳಗ ಹೋದೆ."

ಆ ಕಾಲದ ದೇವಿಯ ಲಸಿಕೆಯನ್ನು ನಿಜವಾಗಿಯೂ ದನದ ಮೈಯಿಂದಲೇ ತಯಾರಿಸುತ್ತಿದ್ದರು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಒಂದು ಭಾಷಣ ಸಾಕಾಗಿತ್ತು.

ಸಿರಿಂಜಿನ ಕಾಗದ ಹರಿಯದೆ ಅವರ ಕೈಗೇ ಕೊಟ್ಟೆ. ತಿರುವಿ ಮುರುವಿ ನೋಡಿದರು. "ಇಷ್ಟ ಸಣ್ಣದಾ?" ಎಂದರು. ಯಾರೂ ಒತ್ತಿ ಹಿಡಿಯುವುದಿಲ್ಲ, ಬೇಡ ಎಂದರೆ ಆ ಕ್ಷಣಕ್ಕೆ ನಿಲ್ಲಿಸುತ್ತೇನೆ ಎಂದು ಹೇಳಿದೆ. ಅವರು ಎರಡು ಷರತ್ತು ಹಾಕಿದರು. ಒಳಗಿನ ಕೋಣೆಯಲ್ಲಿ ಹಾಕಬೇಕು, ಯಾರಿಗೂ ಹೇಳಬಾರದು. ಎರಡನೆಯದನ್ನು ಅವರೇ ಮುರಿದರು. ಈಗ ಕಟ್ಟೆಯ ಮೇಲೆ ಕೂತು ತಾವೇ ಹೇಳಿಕೊಂಡು ನಗುತ್ತಾರೆ. ಅದಕ್ಕೇ ಇಲ್ಲಿ ಬರೆಯುವ ಧೈರ್ಯ.

ಭಾಗಮ್ಮ ಹತ್ತು ಎಂದು ಹೋದವಳು ಹದಿಮೂರು ಜನರನ್ನು ಕರೆತಂದಳು. ಮೊದಲ ಸೂಜಿ ಅವಳದೇ. ಚುಚ್ಚಿದ ಮೇಲೆ ಅವಳು, "ಇಷ್ಟೇನಾ? ಇದಕ್ಕಿಂತ ಇರಿವಿ ಜೋರ ಕಡೀತದ" ಎಂದು ಹೊರಗೆ ಹೋಗಿ ಸಾರಿದಳು.

ಆಮೇಲೆ ಒಳಗಿನ ಕೋಣೆಯಲ್ಲಿ ಅಪ್ಪಾರು. ಗೋಡೆಯ ಕಡೆ ಮುಖ ಮಾಡಿ ಕೂತರು. ತೋಳು ಕಲ್ಲಾಗಿತ್ತು. ಹಾಗೆ ಬಿಗಿಹಿಡಿದರೆ ನೋವು ಹೆಚ್ಚು. ಅವರ ಪೂರ್ತಿ ಹೆಸರು, ತಂದೆಯ ಹೆಸರು ಕೇಳಿದೆ. ಆಮೇಲೆ ನಮ್ಮ ತಂದೆ ಉದಗೀರದ ಕಡೆ ಮನೆ ಶಾಂತಿಯ ಪೂಜೆ ಹೇಗೆ ಮಾಡಿಸುತ್ತಿದ್ದರು ಎಂದು ಹೇಳತೊಡಗಿದೆ, ಬೇಕೆಂದೇ ಒಂದು ಕಡೆ ಹಿಂದುಮುಂದು ಮಾಡಿ.

"ಹಂಗಲ್ಲ!" ಎಂದರು ಅಪ್ಪಾರು, ಗೋಡೆ ಬಿಟ್ಟು ನನ್ನ ಕಡೆ ತಿರುಗಿ. "ಮೊದಲ ಕಳಸ ಇಡಬೇಕು. ಕಳಸ ಇಡದ ನಿಮ್ಮಪ್ಪ ಹೆಂಗ..."

"ಆತ್ರಿ ಅಪ್ಪಾರ."

"ಏನ್ ಆತು?"

"ಸೂಜಿ ಆತ್ರಿ."

ಅವರು ತೋಳು ನೋಡಿಕೊಂಡರು. ಹತ್ತಿಯ ಉಂಡೆ ನೋಡಿದರು. ನನ್ನನ್ನು ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ತುಟಿಯಲ್ಲಿ ನಗು. ಹೊರಗೆ ಬಂದು ಶಲ್ಯ ಸರಿಸಿ ತೋಳು ಎತ್ತಿ ಹಿಡಿದು, ಅದೇ ಗಟ್ಟಿ ಕಂಠದಲ್ಲಿ, "ಬರ್ರಿ ಬರ್ರಿ, ಸಾಲ ಹಚ್ರಿ!" ಎಂದು ಕೂಗಿದರು. ಆ ದಿನ ನಾನು ದವಾಖಾನೆಗೆ ಫೋನು ಮಾಡಿ ಇನ್ನಷ್ಟು ಸೀಸೆ ತರಿಸಬೇಕಾಯಿತು. ಸೀಸೆಯ ಡಬ್ಬಿ ಹಿಡಿದು ಸ್ವತಃ ಡಾಕ್ಟರರೇ ಬಂದರು. ಎಣ್ಣೆಯ ಕಥೆ ಹೇಳಿದೆ. ಅವರು ಒಂದು ಕ್ಷಣ ನಿಂತು, ಹಣೆ ಬಡಿದುಕೊಂಡು, "ಅರೇ, ಆಮಚಂ ತೇಲ ಸುದ್ಧಾ ತಿಳಾಚಂಚ!" ಎಂದರು. ಎಳ್ಳಿಗೆ ಮರಾಠಿಯಲ್ಲಿ ತೀಳ. ಎಣ್ಣೆಗೆ ಅವರು ಅನ್ನುವ ತೇಲವೂ ಅದರಿಂದಲೇ ಹುಟ್ಟಿದ್ದು. ಮಾಸ್ತರರು ಮತ್ತೆ ಪೆನ್ಸಿಲು ತೆಗೆದರು.

ಆ ಬೇಸಿಗೆ ಕೆಟ್ಟದಾಗಿತ್ತು. ಕೆಲವು ಊರುಗಳಿಗೆ ನಾನು ಮುಟ್ಟುವಷ್ಟರಲ್ಲಿ ತಡವಾಗಿತ್ತು. ಆ ಮನೆಗಳ ಮುಂದೆ ಹೋಗುವಾಗ ಈಗಲೂ ಹೆಜ್ಜೆ ನಿಧಾನವಾಗುತ್ತದೆ. ಅಪ್ಪಾರಿಗೂ ಜ್ವರ ಬಂತು. ಎಂಟು ದಿನ ಒಳಗಿನ ಕೋಣೆಯಲ್ಲಿ ಮಲಗಿದರು. ದಿನಾ ಫೋನು ಮಾಡುತ್ತಿದ್ದೆ. ಒಂಬತ್ತನೆಯ ದಿನ ಅವರೇ ಫೋನೆತ್ತಿ, "ಎರಡನೇ ಸೂಜಿ ಯಾವಾಗ?" ಎಂದರು. ಆಮೇಲೆ ಊರವರು ಹೇಳಿದರು, ಎರಡನೆಯ ಸಲ ಅವರು ಕಟ್ಟೆಯ ಮೇಲೇ, ಎಲ್ಲರ ಎದುರಿಗೇ ತೋಳು ಕೊಟ್ಟರಂತೆ. ಕಣ್ಣು ಮಾತ್ರ ಮುಚ್ಚಿಕೊಂಡಿದ್ದರಂತೆ. ಆ ದಿನ ನಾನು ಬೇರೆ ಊರಿನಲ್ಲಿದ್ದೆ.

ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟು. ನಿಮ್ಮನ್ನು ಜನ ನೂರು ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡಿ, ಸರಿಯಾದದ್ದನ್ನೇ ಕೊಡಿ. ಕೊಡುವಾಗ ಅವರ ಕೈಬೆರಳುಗಳ ಮೇಲೊಂದು ಕಣ್ಣಿರಲಿ. ಕಮಲಾಬಾಯಿ ಹೆಸರು ಕೇಳು ಎಂದದ್ದು ವಹಿಗೋಸ್ಕರ ಅಲ್ಲ ಎಂದು ತಿಳಿಯಲು ನನಗೆ ಇಡೀ ನೌಕರಿ ಹಿಡಿಯಿತು.

ನಿವೃತ್ತಿಯಾಗಿ ಕೆಲವು ವರ್ಷವಾಯಿತು. ಕಳೆದ ಚಳಿಗಾಲದಲ್ಲಿ ನಮ್ಮ ಓಣಿಯ ನಾಯಿ, ದಿನಾ ನಾನೇ ರೊಟ್ಟಿ ಹಾಕುವ ನಾಯಿ, ನನ್ನ ಹಿಮ್ಮಡಿಗೆ ಬಾಯಿ ಹಾಕಿತು. ಸೋಪು ಹಚ್ಚಿ ತೊಳೆದು, ಮಾಸ್ತರರ ಗಾಡಿಯ ಹಿಂದೆ ಕೂತು ಸರಕಾರಿ ದವಾಖಾನೆಗೆ ಹೋಗಿ ಸಾಲಿನಲ್ಲಿ ನಿಂತೆ. ನಿಲಂಗಾ ಕಡೆಯ ಹೊಸ ಸಿಸ್ಟರ್ ಒಬ್ಬಳು ಇದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಕುರ್ಚಿಯ ಮೇಲೆ ಕೂತು ಸೆರಗು ಸರಿಸಿದೆ. ಅವಳು ಸಿರಿಂಜನ್ನು ತಟ್ಟೆಯಲ್ಲೇ ಬಿಟ್ಟು, ನನ್ನ ಮುಂದೆ ಬಂದು ಮುಖ ನೋಡಿದಳು.

"ಅಂಜಿಕಿ ಆಗ್ಲಾಕತ್ತದೇನ್ರಿ ಆಯಿ?"

ಸಾವಿರಾರು ತೋಳಿಗೆ ಸೂಜಿ ಚುಚ್ಚಿದ ನಾನು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿದುಕೊಂಡಿದ್ದೆ.

"ಹೂಂ ಯವ್ವಾ, ಜರಾ" ಎಂದೆ.